ಗುರುವಾರದ ನಿದ್ದೆ

ಲೆಂಪಿ ಪಕರಿನೆನ್ ಮಾಡಿದ್ದು ಒಳ್ಳೆಯ ಕೆಲಸವೆಂದು ಯಾರೂ ಹೇಳುವುದಿಲ್ಲ. ಅವಳೂ ಹೇಳುತ್ತಿರಲಿಲ್ಲ. ಆದರೆ ಅದು ಶುರುವಾದದ್ದು ಹೇಗೆಂದು ಮೊದಲು ಕೇಳಿಸಿಕೊಳ್ಳಿ, ಆಮೇಲೆ ಬೇಕಾದರೆ ಬೈಯಿರಿ.

ಫಿನ್ನಿಷ್ ನಾಡಿನ ಈಸಲ್ಮಿ ಊರಿನಲ್ಲಿ, ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ಹಳದಿ ಬಣ್ಣದ ಮರದ ಮನೆ ಅವಳದು. ಎಂಜಿನ್ ಓಡಿಸುತ್ತಿದ್ದ ಗಂಡ ಉರ್ಹೊ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ, ಎಪ್ಪತ್ತು ದಾಟಿದ ಮೈಯಲ್ಲಿ ಎಡಮಂಡಿಯೊಂದು ಬಿಟ್ಟರೆ ಉಳಿದದ್ದೆಲ್ಲ ಗಟ್ಟಿಯಾಗಿತ್ತು. ಎಲ್ಲಕ್ಕಿಂತ ಗಟ್ಟಿ ಬಾಯಿ. ಈಸಲ್ಮಿ ಸೇರಿದ ಸಾವೊ ಸೀಮೆಯ ಜನರ ಬಾಯಿಂದ ಹೌದು ಎಂಬುದನ್ನಾಗಲಿ ಇಲ್ಲ ಎಂಬುದನ್ನಾಗಲಿ ಹೊರಡಿಸುವುದು ಹಲ್ಲು ಕಿತ್ತಷ್ಟೇ ಕಷ್ಟ. "ನಾಳೆ ಬರ್ತೀಯಾ?" ಎಂದರೆ "ಬಂದ್ರೂ ಬಂದೆ, ಕಾಲು ಆ ಕಡೆ ತಿರುಗಿದ್ರೆ" ಎನ್ನುತ್ತಾರೆ. ಕೇಳಿದವನು ಖುಷಿಯಾಗಿ ಮನೆಗೆ ಹೋಗಿ ಬೂಟು ಬಿಚ್ಚುವಾಗ, ತನಗೆ ಉತ್ತರವೇ ಸಿಕ್ಕಿಲ್ಲವೆಂದು ತಿಳಿಯುತ್ತದೆ. ಆ ವಿದ್ಯೆಯಲ್ಲಿ ಲೆಂಪಿ ಊರಿಗೇ ದೊಡ್ಡವಳು.

ಇಂಥವಳ ಬಾಗಿಲನ್ನು ಅಕ್ಟೋಬರಿನ ಒಂದು ಗುರುವಾರ ರಿಗ್ಬಿ ದಂಪತಿ ತಟ್ಟಿದರು. ಐಡಹೊದಲ್ಲಿ ಜೀವಮಾನವಿಡೀ ಆಲೂಗಡ್ಡೆ ಬೆಳೆದು, ಹೊಲವನ್ನು ಮಗನಿಗೆ ಒಪ್ಪಿಸಿ, ಒಂದೂವರೆ ವರ್ಷ ತಮ್ಮ ಮಾರ್ಮನ್ ಕ್ರೈಸ್ತ ಸಭೆಯ ಪರವಾಗಿ ಮನೆಮನೆಗೆ ಹೋಗಿ ಧರ್ಮ ಸಾರುವ ಸೇವೆ ಮಾಡಲು ಬಂದಿದ್ದ ವಯಸ್ಸಾದ ಜೋಡಿ. ಇಬ್ಬರ ಕೋಟಿನ ಮೇಲೂ ಕರಿಯ ಹೆಸರುಪಟ್ಟಿ. ಗಂಡ ಡೆಲ್ಬರ್ಟ್ ಹುಡುಗನಾಗಿದ್ದಾಗಲೂ ಇದೇ ಸೇವೆಗೆ ಇದೇ ದೇಶಕ್ಕೆ ಬಂದು ಮಿಕ್ಕೆಲಿ ಊರಿನಲ್ಲಿ ಇದ್ದು ಹೋದವನು. ಹಾಗಾಗಿ ಅವನ ಫಿನ್ನಿಷ್ ಅಜ್ಜನ ಕೋಟು ತೊಟ್ಟಂತೆ ನಲವತ್ತು ವರ್ಷ ಹಳೆಯದು. ಹೆಂಡತಿ ಆರ್ವಿಲ್ಲಳಿಗೆ ನಮಸ್ಕಾರ, ಧನ್ಯವಾದ, ಚಳಿ ಎಂಬ ಮಾತುಗಳಷ್ಟೇ ಬರುತ್ತಿದ್ದವು, ಮೂರನ್ನೂ ಒಟ್ಟಿಗೇ ಹೇಳುತ್ತಿದ್ದಳು.

ಹೊರಗೆ ಹಿಮವೂ ಅಲ್ಲದ ಮಳೆಯೂ ಅಲ್ಲದ ಕೊಚ್ಚೆ ಸುರಿಯುತ್ತಿತ್ತು. ಲೆಂಪಿ ಒಳಗೆ ಕರೆದಳು, ನೀಲಿ ಪಾತ್ರೆಯಿಂದ ಎರಡು ಕಪ್ಪಿಗೆ ಕಾಫಿ ಬಗ್ಗಿಸಿದಳು. ಡೆಲ್ಬರ್ಟ್ ಅಂಗೈ ಅಡ್ಡ ಹಿಡಿದ.

"ನಾವು ಕಾಫಿ ಕುಡಿಯೋದಿಲ್ಲಮ್ಮ."

"ಹೊಟ್ಟೆ ಸರಿ ಇಲ್ವಾ?"

"ಹೊಟ್ಟೆ ಸರಿ ಇದೆ. ದೇವರಿಗೆ ಮಾತು ಕೊಟ್ಟಿದೀವಿ."

"ದೇವರು ಕಾಫಿ ಬೇಡ ಅಂದ್ನಾ?" ಲೆಂಪಿ ಪಾತ್ರೆ ಕೆಳಗಿಟ್ಟಳು. "ಅವನೇನು ಈ ಕಡೆ ಚಳಿಗಾಲದಲ್ಲಿ ಬಂದು ನೋಡಿದಾನಾ?"

ಅವಳ ಮೇಜಿನಿಂದ ಕಾಫಿ ಕುಡಿಯದೆ ಎದ್ದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ತೆರಿಗೆಯವನು ಕುಡಿದಿದ್ದ. ಉರ್ಹೊನನ್ನು ಮಣ್ಣು ಮಾಡಿದ ಪಾದ್ರಿ ನಾಲ್ಕು ಕಪ್ಪು ಕುಡಿದಿದ್ದ. ಯುದ್ಧದ ಕಾಲದಲ್ಲಿ ಕಾಫಿಯೇ ಇಲ್ಲದಾಗಲೂ ಅವಳ ಅಮ್ಮ ರೈ ಧಾನ್ಯವನ್ನು ಕರಿದಾಗುವಂತೆ ಹುರಿದು ಕುದಿಸಿ, ಅದಕ್ಕೆ ಕಾಫಿಯೆಂದು ಹೆಸರಿಟ್ಟು, ಬಂದವರ ಮುಂದೆ ಇಡುತ್ತಿದ್ದಳು. ಸುಟ್ಟ ಬೂಟಿನ ನೀರು ಅದು. ಯುದ್ಧ ಮುಗಿದು ಅಂಗಡಿಗೆ ನಿಜವಾದ ಕಾಫಿ ಬಂದ ದಿನ, ಇನ್ನು ಸಾಯುವವರೆಗೆ ರೈ ಕಾಫಿಯನ್ನು ನಾಲಿಗೆಗೆ ಸೋಕಿಸುವುದಿಲ್ಲವೆಂದು ಲೆಂಪಿ ಆಣೆ ಹಾಕಿದ್ದಳು. ಕಾಫಿಯ ವಿಷಯದಲ್ಲಿ ಆಣೆಯೆಂದರೆ ಅವಳಿಗೆ ಗೊತ್ತಿದ್ದದ್ದು ಇದೊಂದೇ. ನಿಜವಾದ ಕಾಫಿಯನ್ನೇ ಕುಡಿಯುವುದಿಲ್ಲವೆಂಬ ಆಣೆ ಕೇಳಿ ಪಿತ್ತ ನೆತ್ತಿಗೇರಿತು.

ಮುಖ ಊದಿಸಿಕೊಂಡೇ ತಿಂಡಿ ತಟ್ಟೆಯನ್ನು ಮುಂದೆ ತಳ್ಳಿದಳು. ಬೆಳಿಗ್ಗೆ ಬೇಯಿಸಿದ ಕಂದು ಚೌಕಗಳು. ಕೆಳಗೆ ಮೆತ್ತನೆಯ ಕೇಕು, ಮೇಲೆ ಬೆಣ್ಣೆ, ಕೋಕೋ, ಪುಡಿಸಕ್ಕರೆಯ ಹೊದಿಕೆ, ಅದರ ಮೇಲೆ ಉದುರಿಸಿದ ಬಣ್ಣದ ಸಕ್ಕರೆಕಾಳು. ಆ ಹೊದಿಕೆಗೆ ಗಟ್ಟಿ ಕಾಫಿ ಬೀಳದಿದ್ದರೆ ಅದು ಹೊದಿಕೆಯೇ ಅಲ್ಲ. ಈಸಲ್ಮಿಯ ಹಾಲುಹಲ್ಲಿನ ಮಗುವಿಗೂ ಗೊತ್ತಿರುವ ಸಂಗತಿ ಇದು.

ಡೆಲ್ಬರ್ಟ್ ತಟ್ಟೆಯನ್ನು ಒಮ್ಮೆ ನೋಡಿ, "ನಂಗೆ ಸಕ್ಕರೆ ಆಗೋದಿಲ್ಲ" ಎಂದು ಹಿಂದಕ್ಕೆ ಸರಿಸಿದ. ಆರ್ವಿಲ್ಲ ಒಂದು ಚೌಕ ತಿಂದಳು. ಕಣ್ಣರಳಿಸಿದಳು. ಇನ್ನೊಂದನ್ನು ತಾನಾಗಿಯೇ ತೆಗೆದುಕೊಂಡಳು.

ಅದರಲ್ಲಿ ಕಾಫಿ ಇದೆ ಕಣಮ್ಮ ಎಂಬ ಮಾತು ಲೆಂಪಿಯ ನಾಲಿಗೆ ತುದಿಗೆ ಬಂದಿತ್ತು. ಬಂದದ್ದನ್ನು ನುಂಗಿಕೊಂಡಳು. ತಿನ್ನಲಿ ಬಿಡು, ನನ್ನ ಕಪ್ಪನ್ನೇ ಬೇಡವೆಂದವಳಿಗೆ ಇಷ್ಟಾದರೂ ಆಗಲಿ ಎಂದುಕೊಂಡಳು. ಇಷ್ಟೇ. ಕೆಟ್ಟತನ ಶುರುವಾದದ್ದು ಇಷ್ಟರಿಂದ.

ಮುಂದಿನ ಗುರುವಾರವೂ ಗಂಡಹೆಂಡಿರು ಬಂದರು. ಆರ್ವಿಲ್ಲ ಬೂಟು ಬಿಚ್ಚುವ ಮೊದಲೇ ಏನೋ ಹೇಳತೊಡಗಿದಳು, ಡೆಲ್ಬರ್ಟ್ ನೆಲ ನೋಡುತ್ತ ಅದನ್ನು ಫಿನ್ನಿಷಿಗೆ ತಂದ.

"ಹೋದ ಗುರುವಾರ ನಿನ್ನ ಮನೆಯಿಂದ ಹೋದ್ಮೇಲೆ ಇವಳಿಗೆ ರಾತ್ರಿಯಿಡೀ ನಿದ್ದೆ ಹತ್ತಲಿಲ್ಲವಂತೆ. ಎದೆ ಬೆಚ್ಚಗೆ ಉರೀತಿತ್ತಂತೆ, ಢವಢವ ಅಂತಿತ್ತಂತೆ. ನಮ್ಮಲ್ಲಿ ಅದನ್ನ ಪವಿತ್ರಾತ್ಮ ಮಾತಾಡಿಸೋ ಗುರುತು ಅಂತೀವಿ. ನಿನ್ನ ವಿಷಯದಲ್ಲಿ ದೇವರು ಇವಳಿಗೇನೋ ಹೇಳ್ತಿದಾನಂತೆ."

ಲೆಂಪಿ ಒಲೆಯ ಕಡೆ ತಿರುಗಿ ನಿಂತಳು. ಹೆಗಲು ಕುಣಿಯುವುದು ಕಾಣದಿರಲೆಂದು ಕಟ್ಟಿಗೆ ತುರುಕುವ ನಾಟಕ ಮಾಡಿದಳು. ಹುಟ್ಟಿದಂದಿನಿಂದ ಕಾಫಿಯ ಹನಿಯೂ ಕಾಣದ ಜೀವ, ಎರಡು ಚೌಕಕ್ಕೇ ಹೀಗಾದರೆ ನಾಲ್ಕಕ್ಕೆ ಏನಾದೀತು ಎಂಬ ಕುತೂಹಲ ಹುಟ್ಟಿಬಿಟ್ಟಿತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಆ ಚಳಿಗಾಲ ಹೊದಿಕೆಗೆ ಬೀಳುವ ಕಾಫಿ ಏರುತ್ತ ಹೋಯಿತು. ಕ್ರಿಸ್‌ಮಸ್ ಹೊತ್ತಿಗೆ ಅದು ರಾತ್ರಿಪಾಳಿಯ ಎಂಜಿನ್ ಚಾಲಕನನ್ನು ಮೂರು ದಿನ ಎಚ್ಚರವಿಡುವಷ್ಟಾಗಿತ್ತು. ಆರ್ವಿಲ್ಲ ಗುರುವಾರ ಸಂಜೆ ತಮ್ಮ ಬಾಡಿಗೆ ಮನೆಗೆ ಹೋಗಿ ಕಿಟಕಿ ಒರೆಸುತ್ತಿದ್ದಳು, ಒಲೆ ತಿಕ್ಕುತ್ತಿದ್ದಳು, ಬೆಳಗಾಗುವುದರೊಳಗೆ ಮೊಮ್ಮಕ್ಕಳಿಗೆಲ್ಲ ಕಾಲುಚೀಲ ಹೆಣೆದು ಮುಗಿಸುತ್ತಿದ್ದಳು. ಸಭೆಯಲ್ಲಿ ಎದ್ದು ನಿಂತು ಗುರುವಾರದ ಉರಿಯ ಬಗ್ಗೆ ಸಾಕ್ಷಿ ಹೇಳಿದಳಂತೆ. ಕೇಳಿದವರು ಕಣ್ಣೊರೆಸಿಕೊಂಡರಂತೆ. ಇದನ್ನು ಪಕ್ಕದ ಮನೆಯ ವಿಯೆನೊಳಿಗೆ ಹೇಳಿ ಲೆಂಪಿ ಹೊಟ್ಟೆ ಹುಣ್ಣಾಗುವಂತೆ ನಕ್ಕಳು.

"ಒಂದಲ್ಲ ಒಂದಿನ ಸಿಕ್ಕಿಬೀಳ್ತೀಯ" ಎಂದಳು ವಿಯೆನೊ.

"ಬಿದ್ರೂ ಬಿದ್ದೆ."

ಆದರೆ ನಗುವ ಮಾತು ಎಷ್ಟು ದಿನ? ವಾರವಾರವೂ ಬಂದು ಕೂರುವ ಮನುಷ್ಯಳನ್ನು ವಾರವಾರವೂ ಅನ್ಯಳಾಗಿ ನೋಡುವುದು ಯಾರಿಂದಲೂ ಆಗುವುದಿಲ್ಲ. ಆರ್ವಿಲ್ಲ ಲೆಂಪಿಯ ಮೇಜಿನಲ್ಲೇ ಫಿನ್ನಿಷ್ ಕಲಿತಳು. ಲೆಂಪಿ ಕಲಿಸಿದ್ದರಲ್ಲಿ ಅರ್ಧ ಬೈಗುಳ. ದೆವ್ವದ ಹೆಸರೆತ್ತಿ ಬೈಯುವ ಪೆರ್ಕೆಲೆ ಎಂಬ ಮಾತನ್ನು, ಏನಾದರೂ ಕೈಜಾರಿ ಬಿದ್ದರೆ ಅಯ್ಯೋ ಎನ್ನುವಂತೆ ಹೇಳಬೇಕು ಎಂದು ಹೇಳಿಕೊಟ್ಟಿದ್ದಳು. ಆರ್ವಿಲ್ಲ ಅದನ್ನು ಸಭೆಯಲ್ಲಿ ಹಾಡಿನ ಪುಸ್ತಕ ಬಿದ್ದಾಗ ಹೇಳಿದ್ದಕ್ಕೆ, ಊರಿನ ಸಮಸ್ತ ಮಾರ್ಮನ್ನರೂ ಉಸಿರು ಹಿಡಿದು ಕೂತಿದ್ದರಂತೆ. ಪ್ರತಿಯಾಗಿ ಆರ್ವಿಲ್ಲ ನೆಲಮಾಳಿಗೆಯಲ್ಲಿ ಇಟ್ಟಿದ್ದ ಲೆಂಪಿಯ ಆಲೂಗಡ್ಡೆಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು, ಯಾವುದು ಬಿತ್ತನೆಗೆ ಯಾವುದು ಸಾರಿಗೆ ಎಂದು ಬೇರೆ ಮಾಡಿಕೊಟ್ಟಳು. ಲೆಂಪಿಯ ಮಂಡಿ ಕೈಕೊಟ್ಟ ವಾರ ದಿನಾ ಬಂದು ಬಾಗಿಲ ಹಿಮ ತೆಗೆದಳು. ಇಬ್ಬರೂ ತಣ್ಣಗೆ ಕೂತು ಕಾಲುಚೀಲ ಹೆಣೆದ ಸಂಜೆಗಳೂ ಇದ್ದವು. ನಾವು ಕೊಟ್ಟ ದೇವರ ಪುಸ್ತಕ ಓದಿದೆಯಾ ಎಂದು ಆರ್ವಿಲ್ಲ ಕೇಳಿದರೆ "ಓದಿದ್ರೂ ಓದೇನು" ಎಂದು ಲೆಂಪಿ ಹೇಳುತ್ತಿದ್ದಳು. ಡೆಲ್ಬರ್ಟ್ ಬಿಸಿ ಬೆರ್ರಿ ಹಣ್ಣಿನ ರಸಕ್ಕೆ ನಾಲ್ಕು ಸಕ್ಕರೆಗಟ್ಟಿ ಹಾಕಿಕೊಂಡು ಮೂಲೆಯಲ್ಲಿ ಕೂತಿರುತ್ತಿದ್ದ. ಸಕ್ಕರೆ ಆಗದವನಿಗೆ ಇದೆಂಥದ್ದು ಎಂದು ಲೆಂಪಿಗೆ ಅನಿಸಿದ್ದುಂಟು, ಕೇಳಲಿಲ್ಲ.

ಇನ್ನೊಂದು ಚಳಿಗಾಲವೂ ಬಂದು ಹೋಗುವ ಹೊತ್ತಾಯಿತು. ಏಪ್ರಿಲ್‌ನಲ್ಲಿ ಅವರ ಅವಧಿ ಮುಗಿಯುವುದಿತ್ತು. ಮಾರ್ಚಿನ ಒಂದು ಗುರುವಾರ ಆರ್ವಿಲ್ಲ ಮೂರನೇ ಚೌಕ ಮುಗಿಸಿ, ಬೆರಳು ನೆಕ್ಕಿ, ಹೇಳಿದಳು:

"ನಾನು ಹೋಗಲ್ಲ ಲೆಂಪಿ. ಇನ್ನೂ ಆರು ತಿಂಗಳು ಇರ್ತೀವಿ ಅಂತ ಸಭೆಯ ಮೇಲಿನವರಿಗೆ ಹೇಳ್ತೀನಿ. ಗುರುವಾರದ ಉರಿ ನಿಂತಿಲ್ಲ. ಈ ಮನೇಲಿ ನನ್ನ ಕೆಲಸ ಮುಗಿದಿಲ್ಲ ಅಂತ ದೇವರು ಹೇಳ್ತಿದಾನೆ, ನಾನು ಹೆಂಗೆ ಎದ್ದು ಹೋಗ್ಲಿ?"

ಲೆಂಪಿಗೆ ಎಷ್ಟು ಖುಷಿಯಾಯಿತೆಂದರೆ ಮಂಡಿನೋವು ಮರೆತು ಎದ್ದು ನಿಂತಳು. ಬಾಯಲ್ಲಿ ಮಾತ್ರ "ಇದ್ರೂ ಇರಬಹುದು, ಜಾಗ ಇದೆ ಊರಲ್ಲಿ" ಎಂದಳು. ಅವರು ಹೋದ ಮೇಲೆ ಕಾಫಿಪುಡಿಯ ಡಬ್ಬಿಯನ್ನು ಮುದ್ದು ನಾಯಿಯ ತಲೆ ಸವರಿದಂತೆ ಸವರಿದಳು.

ಎರಡು ದಿನ ಬಿಟ್ಟು ಡೆಲ್ಬರ್ಟ್ ಒಬ್ಬನೇ ಬಂದ. ಅಡುಗೆಮನೆಯ ನಲ್ಲಿ ಸೋರುತ್ತಿತ್ತಲ್ಲ, ಅದನ್ನು ನೋಡುತ್ತೇನೆಂದ. ಅವನು ಒಬ್ಬನೇ ಬಂದದ್ದು ಅದೇ ಮೊದಲು. ತೊಟ್ಟಿಯ ಕೆಳಗೆ ತಲೆ ತೂರಿಸಿ ಮಲಗಿಕೊಂಡು, ಅಲ್ಲಿಂದಲೇ ಮಾತಾಡಿದ.

"ನಮ್ಮ ಕಿರಿಮಗಳು ಡಾರ್ಲಾ. ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಾಗಿರ್ಲಿಲ್ಲ. ಈಗ ಮೇ ತಿಂಗಳಲ್ಲಿ ಹೆರಿಗೆ."

"ಆರ್ವಿಲ್ಲ ನಂಗೆ ಹೇಳೇ ಇಲ್ಲವಲ್ಲ."

"ಹೇಳಿದ್ರೆ ಹೋಗು ಅಂತೀಯ ಅಂತ ಭಯ. ಅಮ್ಮ ಪಕ್ಕದಲ್ಲಿರ್ಬೇಕು ಅಂತ ಡಾರ್ಲಾ ಫೋನಲ್ಲಿ ಅಳ್ತಾಳೆ. ಇವಳು ಫೋನ್ ಇಟ್ಟು ಇಲ್ಲಿ ಅಳ್ತಾಳೆ. ಆದ್ರೆ ಗುರುವಾರ ಬಂತು ಅಂದ್ರೆ ಆ ಉರಿ. ದೇವರ ಮಾತು ಮೀರಿ ಹೋಗ್ಲಾ ಅಂತ ನನ್ನೇ ಕೇಳ್ತಾಳೆ." ಪಾನಾ ತಿರುಗುವ ಸದ್ದಾಯಿತು. "ನೀನೇನಾದ್ರೂ ಮಾಡೋಕಾಗುತ್ತಾ?"

"ನಾನೇನ್ ಮಾಡ್ಲಿ? ನಾನೇನು ದೇವರಾ?"

ಡೆಲ್ಬರ್ಟ್ ಹೊರಗೆ ಬಂದು ಕೈ ಒರೆಸಿಕೊಂಡ. ಮೇಜಿನ ಮೇಲೆ ಬಟ್ಟೆ ಮುಚ್ಚಿಟ್ಟಿದ್ದ ಚೌಕಗಳ ತಟ್ಟೆಯನ್ನು ನೋಡಿದ, ಲೆಂಪಿಯನ್ನು ನೋಡಿದ. "ಸುಮ್ನೆ ಕೇಳ್ದೆ" ಎಂದು ಟೋಪಿ ಹಾಕಿಕೊಂಡು ಹೋದ.

ಲೆಂಪಿ ತಟ್ಟೆಯ ಮೇಲಿನ ಬಟ್ಟೆ ಸರಿಸಿ ಚೌಕಗಳನ್ನು ನೋಡಿದಳು. ಒಬ್ಬ ತಾಯಿಯನ್ನು ಹೆರಿಗೆಯ ಮಗಳಿಂದ ದೂರವಿಟ್ಟಿರುವುದು ದೇವರೂ ಅಲ್ಲ, ದೆವ್ವವೂ ಅಲ್ಲ, ತನ್ನ ಕಾಫಿಪುಡಿ. ನಿಜ ಹೇಳಿಬಿಡಬೇಕು. ಹೇಳಿದರೆ? ಒಂದೂವರೆ ವರ್ಷ ನಿನ್ನ ಕಿವಿಗೆ ಹೂವಿಟ್ಟೆ, ನೀನು ದೇವರಿಗೆ ಕೊಟ್ಟ ಮಾತನ್ನು ನನ್ನ ಕೈಯಾರೆ ಮುರಿಸಿದೆ, ನಿನ್ನ ಪವಿತ್ರಾತ್ಮ ಬಂದದ್ದು ಮೂಲೆ ಅಂಗಡಿಯಿಂದ ಎಂದು ಹೇಗೆ ಹೇಳುವುದು? ಆಮೇಲೆ ಆರ್ವಿಲ್ಲ ಲೆಂಪಿಯ ಮುಖ ನೋಡುತ್ತಾಳೆಯೇ?

ಇದರ ಕೆಳಗೆ ಇನ್ನೊಂದು ಭಯವಿತ್ತು, ಅದನ್ನು ಅವಳು ತನಗೂ ಸರಿಯಾಗಿ ಹೇಳಿಕೊಂಡಿರಲಿಲ್ಲ. ಆ ಹೆಂಗಸು ಇಷ್ಟು ದಿನ ಬಂದದ್ದು ಲೆಂಪಿಗಾಗಿಯೋ, ಎದೆಯ ಉರಿಗಾಗಿಯೋ? ಕಾಫಿ ತೆಗೆದುಬಿಟ್ಟರೆ ಈ ಮುದುಕಿಯಲ್ಲಿ ಉಳಿಯುವುದೇನು? ಅದನ್ನು ತಿಳಿಯುವ ದಾರಿ ಒಂದೇ ಇತ್ತು. ಅದು ಲೆಂಪಿಗೆ ಸ್ವಲ್ಪವೂ ಇಷ್ಟವಿರಲಿಲ್ಲ.

ಸಾವೊದವಳು ನೇರವಾಗಿ ಯೋಚಿಸುವುದಿಲ್ಲ, ಸುತ್ತಿ ಬಳಸಿ ಯೋಚಿಸುತ್ತಾಳೆ. ಹೇಳುವುದೇ ಬೇಡ, ಕಾಫಿ ಹಾಕದಿದ್ದರಾಯಿತು. ಉರಿ ನಿಲ್ಲುತ್ತದೆ, ಆರ್ವಿಲ್ಲ ನಿದ್ದೆ ಮಾಡುತ್ತಾಳೆ, ದೇವರು ಬಿಡುಗಡೆ ಕೊಟ್ಟನೆಂದು ಹೊರಡುತ್ತಾಳೆ. ಆದರೆ ಕಾಫಿಯಿಲ್ಲದ ಹೊದಿಕೆ ಬಾಯಿಗಿಟ್ಟರೆ ಮೊದಲ ತುತ್ತಿಗೇ ಗುಟ್ಟು ರಟ್ಟಾಗುತ್ತದೆ. ಆ ಕಹಿ, ಆ ಸುಟ್ಟ ವಾಸನೆ ಎಲ್ಲಿಂದಾದರೂ ಬರಬೇಕು. ಎಲ್ಲಿಂದ ಬರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬುಧವಾರ ಲೆಂಪಿ ಕಬ್ಬಿಣದ ಬಾಣಲೆ ಇಳಿಸಿ ರೈ ಹುರಿಯಲು ನಿಂತಳು. ಹೊಗೆ ಎದ್ದಿತು. ಆ ವಾಸನೆಗೆ ಅಮ್ಮ, ಬೆಳಕು ಹೊರಬೀಳದಂತೆ ಬಟ್ಟೆ ಕಟ್ಟಿದ ಕಿಟಕಿ, ಹಸಿವು ಎಲ್ಲ ಒಟ್ಟಿಗೇ ಮನೆಯೊಳಕ್ಕೆ ಬಂದವು. ವಿಯೆನೊ ಓಡಿಬಂದು ಬಾಗಿಲು ಬಡಿದಳು.

"ಏನೇ ಇದು, ಮತ್ತೆ ಯುದ್ಧ ಶುರುವಾಯ್ತಾ?"

"ಹೆಚ್ಚುಕಮ್ಮಿ ಹಂಗೇ."

"ಆಣೆ ಹಾಕಿದ್ಯಲ್ಲ?"

"ಕುಡಿಯಲ್ಲ ಅಂತ ಆಣೆ. ಹುರಿಯಲ್ಲ ಅಂತ ಎಲ್ಲಿ ಹೇಳಿದ್ದೆ?"

ಗುರುವಾರ ಆರ್ವಿಲ್ಲ ಒಂದು ತುಂಡು ಕಚ್ಚಿ, ಅಗಿದು, ತಲೆ ಒಂದು ಪಕ್ಕಕ್ಕೆ ವಾಲಿಸಿದಳು. "ಇವತ್ತು ಏನೋ ಬೇರೆ ಇದೆ."

"ಬೆಣ್ಣೆ ಬದಲಾಯಿಸ್ದೆ."

"ಚೆನ್ನಾಗಿದೆ" ಎಂದು ಆರ್ವಿಲ್ಲ ನಾಲ್ಕು ತಿಂದಳು. ಡೆಲ್ಬರ್ಟ್ ಮೂಲೆಯಿಂದ ಎದ್ದು ಬಂದು, ಯಾರೂ ಕೇಳದೆ, ತಾನೂ ಒಂದು ತೆಗೆದುಕೊಂಡು ತಿಂದ. ಲೆಂಪಿ ಆ ಹೊತ್ತಿಗೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಅವಳ ಎದೆ ತನ್ನದೇ ಗೋಳಿನಲ್ಲಿತ್ತು.

ಶುಕ್ರವಾರ ಬೆಳಗಾಗುತ್ತಲೇ ಆರ್ವಿಲ್ಲ ಬಂದಳು. ಮುಖ ತೊಳೆದಿಟ್ಟ ಬಟ್ಟಲಿನಂತೆ ಹೊಳೆಯುತ್ತಿತ್ತು.

"ಮಲಗಿದ್ದೇ ಗೊತ್ತಿಲ್ಲ ಕಣೇ. ಡೆಲ್ಬರ್ಟ್ ಅಲುಗಾಡಿಸಿ ಎಬ್ಬಿಸಿದ. ಉರಿ ಇಲ್ಲ, ಢವಢವ ಇಲ್ಲ, ಏನೂ ಇಲ್ಲ. ಸಾಕು, ಮನೆಗೆ ಹೋಗು ಅಂತ ದೇವರು ಹೇಳಿಬಿಟ್ಟ." ಆಮೇಲೆ ಡಾರ್ಲಾಳ ಬಸಿರಿನ ಸಂಗತಿಯನ್ನು ಒಂದೇ ಉಸಿರಿನಲ್ಲಿ ಹೇಳಿ, ಲೆಂಪಿಯನ್ನು ತಬ್ಬಿಕೊಂಡು, ಅಳುತ್ತ ನಗುತ್ತ ನಿಂತಳು.

"ಒಳ್ಳೇದಾಯ್ತು" ಎಂದಳು ಲೆಂಪಿ. ಅಂದುಕೊಂಡದ್ದು ಅಂದುಕೊಂಡಂತೆ ಆಗಿತ್ತು. ಆರ್ವಿಲ್ಲ ಹೋದ ಮೇಲೆ ಬಾಗಿಲು ಹಾಕಿಕೊಂಡು, ಅವಳು ಕೂರುತ್ತಿದ್ದ ಕುರ್ಚಿಯ ಎದುರು ಕೂತಳು. ಸರಿ, ಗೊತ್ತಾಯಿತಲ್ಲ. ಎಲ್ಲವೂ ಕಾಫಿಯೇ. ಕಾಫಿ ನಿಂತಿತು, ಅವಳು ಗೊರಕೆ ಹೊಡೆದಳು. ನನಗಾಗಿ ಅರ್ಧ ಗಂಟೆಯೂ ಎಚ್ಚರವಿರಲಿಲ್ಲ. ಲೆಂಪಿಗೆ ಬಹಳ ನೋವಾಯಿತು. ಇಂಥ ಸಣ್ಣ ಮಾತಿಗೆ ಈ ವಯಸ್ಸಿನಲ್ಲಿ ನೋವಾಯಿತಲ್ಲ ಎಂದು ಸಿಟ್ಟೂ ಬಂತು.

ಹೊರಡುವ ಹಿಂದಿನ ಭಾನುವಾರ ಸಭೆಯಲ್ಲಿ ಬೀಳ್ಕೊಡುಗೆ. ಈ ದೇಶದಲ್ಲಿ ಬೀಳ್ಕೊಡುಗೆಗೆ ಹೋಗುವುದನ್ನು ಬೀಳ್ಕೊಡುಗೆ ಕಾಫಿಗೆ ಹೋಗುವುದು ಎಂದೇ ಹೇಳುವುದು. ಕಾಫಿಯಿಲ್ಲದ ಬೀಳ್ಕೊಡುಗೆ ಕಾಫಿಗೆ ಲೆಂಪಿ ಟೋಪಿ ಹಾಕಿಕೊಂಡು, ಚೌಕಗಳ ದೊಡ್ಡ ತಟ್ಟೆ ಹಿಡಿದುಕೊಂಡು ಹೋದಳು. ಆರ್ವಿಲ್ಲ ಬಿಡದೆ ಕರೆದಿದ್ದಳು. ಆ ಸಭೆಯ ಹೊಸ್ತಿಲು ಲೆಂಪಿ ದಾಟಿದ್ದು ಅದೇ ಮೊದಲು. ಬ್ಯಾಂಕಿನ ಮೇಲಿನ ಮಹಡಿಯಲ್ಲಿ ಮೂವತ್ತು ಕುರ್ಚಿ, ಅರ್ಧ ಖಾಲಿ. ಆರ್ವಿಲ್ಲ ಮುಂದೆ ನಿಂತು, ಲೆಂಪಿ ಕಲಿಸಿದ ಸಾವೊ ಫಿನ್ನಿಷಿನಲ್ಲಿ, ಗುರುವಾರದ ಉರಿ ಬಂದ ಕಥೆ, ಅದು ಹೋದ ಕಥೆ ಎರಡನ್ನೂ ಹೇಳಿದಳು. ಎಲ್ಲರೂ ತಿರುಗಿ ಹಿಂದಿನ ಸಾಲನ್ನು ನೋಡಿದರು. ಲೆಂಪಿ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡಳು.

ತಿಂಡಿಯ ಮೇಜಿನ ಹತ್ತಿರ ಸಭೆಯ ಹೆಂಗಸು ಐರ್ಯಾ, ಹಲ್ಲಿನ ವೈದ್ಯೆ, ಕಂದು ಚೌಕಗಳನ್ನು ನೋಡಿ ಹುಬ್ಬೇರಿಸಿದಳು. ಆರ್ವಿಲ್ಲ ಪಕ್ಕದಲ್ಲೇ ಯಾರನ್ನೋ ತಬ್ಬಿಕೊಂಡಿದ್ದಳು.

"ಇದರ ಹೊದಿಕೆಗೆ ಏನ್ ಹಾಕಿದೀಯಮ್ಮ?" ಐರ್ಯಾ ಮೆಲ್ಲಗೆ ಕೇಳಿದಳು. "ನಮ್ಮ ಅಮ್ಮನೂ ಮಾಡ್ತಿದ್ಲು, ಅದಕ್ಕೆ ಕೇಳ್ದೆ."

"ಹುರಿದ ರೈ" ಎಂದಳು ಲೆಂಪಿ. "ಮೂಸಿ ನೋಡು ಬೇಕಾದ್ರೆ."

ಐರ್ಯಾ ನಿಜವಾಗಿಯೂ ಮೂಸಿದಳು. ಒಂದು ತಿಂದಳು. "ನಮ್ಮಜ್ಜಿ ನೆನಪಾದ್ಲು" ಎಂದು ಇನ್ನೊಂದನ್ನು ಕೈಚೀಲಕ್ಕೆ ಹಾಕಿಕೊಂಡಳು. ಜೀವಮಾನದಲ್ಲಿ ಒಮ್ಮೆ ನಿಜ ಹೇಳಿ ಪಾರಾದದ್ದು ಲೆಂಪಿಗೆ ವಿಚಿತ್ರವೆನಿಸಿತು. ಆರ್ವಿಲ್ಲ ಮಾತ್ರ ತಬ್ಬುವುದರಲ್ಲಿ ಮುಳುಗಿ, ತಿಂಡಿಯ ಕಡೆ ತಿರುಗುವ ಹೊತ್ತಿಗೆ ತಟ್ಟೆ ಖಾಲಿಯಾಗಿತ್ತು.

ಸೋಮವಾರ ಬೆಳಿಗ್ಗೆ ಲೆಂಪಿ ಚೌಕಗಳ ಡಬ್ಬಿ ಹಿಡಿದು ನಿಲ್ದಾಣಕ್ಕೆ ಹೋದಳು. ಹಿಮ ಕರಗಿ ಪ್ಲಾಟ್‌ಫಾರಂ ತುಂಬ, ಕಾಲು ಜಾರದಿರಲೆಂದು ಚಳಿಗಾಲದಲ್ಲಿ ಹರಡಿದ್ದ ಮರಳು ಕಾಲಿಗೆ ಸಿಗುತ್ತಿತ್ತು. ಆರ್ವಿಲ್ಲ ದೂರದಲ್ಲಿ ಸಭೆಯವರ ನಡುವೆ ಇದ್ದಳು. ಡೆಲ್ಬರ್ಟ್ ಪೆಟ್ಟಿಗೆಗಳ ಪಕ್ಕದಲ್ಲಿ ನಿಂತಿದ್ದ.

"ನಲ್ಲಿ ಸೋರ್ತಿದೆಯಾ?"

"ಇಲ್ಲ."

"ಒಳ್ಳೇದು." ಅವನು ಜೇಬಿನಿಂದ ಮಿಠಾಯಿ ತೆಗೆದು ಬಾಯಿಗೆ ಹಾಕಿಕೊಂಡ. "ಮಿಕ್ಕೆಲಿಯಲ್ಲಿ ನಮ್ಮ ಮನೆಯೊಡತಿ ಒಂದು ಸಲ ಈ ಕಂದು ಚೌಕ ಆರು ತಿನ್ನಿಸಿದ್ಲು. ಭಾನುವಾರದವರೆಗೂ ರೆಪ್ಪೆ ಮುಚ್ಚಲಿಲ್ಲ ನಾನು. ಆಮೇಲೆ ಕೇಳಿ ತಿಳ್ಕೊಂಡೆ, ಅದಕ್ಕೆ ಏನ್ ಹಾಕ್ತಾರೆ ಅಂತ."

ಲೆಂಪಿ ಅವನ ಕಡೆ ತಿರುಗಿದಳು. "ಹಂಗಾದ್ರೆ ನಿಂಗೆ ಮೊದಲ್ನೇ ದಿನದಿಂದ್ಲೇ..."

"ನಂಗೆ ಸಕ್ಕರೆ ಆಗೋದಿಲ್ಲ" ಎಂದ ಡೆಲ್ಬರ್ಟ್, ಮಿಠಾಯಿಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳುತ್ತ.

"ಕಳ್ಳ ಮುದುಕ. ಯಾಕೆ ಹೇಳ್ಲಿಲ್ಲ?"

"ಬಂದ ಹೊಸದರಲ್ಲಿ ಅವಳು ದಿನಾ ಅಳ್ತಿದ್ಲು. ಮಾತು ಬರಲ್ಲ, ಮಧ್ಯಾಹ್ನಕ್ಕೇ ಕತ್ತಲು, ಒಬ್ಬರೂ ಬಾಗಿಲು ತೆಗೀತಿರ್ಲಿಲ್ಲ. ನಿನ್ನ ಮನೆಗೆ ಬಂದ ದಿನ ಮೊದಲ ಸಲ ನಕ್ಕೊಂಡು ವಾಪಸ್ಸು ಬಂದ್ಲು. ಹೇಳ್ಲಾ ಬೇಡ್ವಾ ಅಂತ ದೇವರನ್ನ ಎಷ್ಟೋ ಸಲ ಕೇಳ್ದೆ. ಅವನೂ ನಿಮ್ಮ ಕಡೆಯವನೇ ಇರ್ಬೇಕು, ಹೌದೂ ಅನ್ಲಿಲ್ಲ, ಇಲ್ಲಾನೂ ಅನ್ಲಿಲ್ಲ."

ರೈಲು ಬಂತು. ಆರ್ವಿಲ್ಲ ಓಡುತ್ತ ಬಂದಳು. ಕಣ್ಣು ಕೆಂಪಗೆ ಊದಿಕೊಂಡಿದ್ದವು, ಕೂದಲು ಕೆದರಿತ್ತು.

"ಲೆಂಪಿ, ರಾತ್ರಿ ಒಂದು ಗಳಿಗೆ ಕಣ್ಣು ಮುಚ್ಚಿಲ್ಲ ಕಣೇ. ಅದೇ ಉರಿ. ಗುರುವಾರದ್ದಕ್ಕಿಂತ ಜೋರು. ನಿನ್ನೆ ನಿನ್ನ ಮನೆಗೂ ಬಂದಿಲ್ಲ, ನಿನ್ನ ತಿಂಡಿ ಒಂದು ಚೂರೂ ಸಿಗಲಿಲ್ಲ. ಮತ್ತೆ ಇದೇನು? ದೇವರು ಹೋಗು ಅಂದ್ನಲ್ಲ, ಈಗ ಮತ್ತೇನಂತಿದಾನೆ?"

ಈ ಉರಿ ನಂಬಿ ಇವಳು ರೈಲು ಬಿಟ್ಟುಬಿಟ್ಟರೆ ಎಂದು ಲೆಂಪಿ ತಡಮಾಡಲಿಲ್ಲ. ಡಬ್ಬಿಯನ್ನು ಅವಳ ಕೈಗೆ ತುರುಕಿದಳು.

"ಇದನ್ನ ಮಾಡೋದು ಹೇಗೆ ಅಂತ ಕೇಳ್ತಿದ್ದೆ ಅಲ್ವಾ, ಕೇಳಿಸ್ಕೋ. ಮಧ್ಯ ಬಾಯಿ ಹಾಕ್ಬೇಡ. ಹೊದಿಕೆಗೆ ಬೆಣ್ಣೆ. ಕೋಕೋ. ಪುಡಿಸಕ್ಕರೆ. ಆಮೇಲೆ ಕಾಫಿ."

ಆರ್ವಿಲ್ಲ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದಳು. ಕಂಡಕ್ಟರ್ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿಕೊಂಡು ಬರುತ್ತಿದ್ದ. ಡೆಲ್ಬರ್ಟ್ ಗಾಡಿಗಳ ವೇಳಾಪಟ್ಟಿಯನ್ನು ಬಹಳ ಶ್ರದ್ಧೆಯಿಂದ ಓದತೊಡಗಿದ.

"ಎಷ್ಟು?" ಎಂದಳು ಆರ್ವಿಲ್ಲ.

"ಮೊದಮೊದಲು ಸ್ವಲ್ಪ. ಆಮೇಲೆ ಕೈ ಜಾರ್ತು."

"ಹಂಗಾದ್ರೆ ಗುರುವಾರದ್ದು..."

"ಕಾಫಿ."

"ಉರಿ ನಿಂತಿತಲ್ಲ, ಆ ಗುರುವಾರ?"

"ರೈ. ಡಾರ್ಲಾ ಹತ್ರ ನೀನು ಹೋಗ್ಲಿ ಅಂತ. ಈ ಡಬ್ಬಿಯಲ್ಲಿರೋದೂ ರೈನೇ, ನನ್ನಮ್ಮನಾಣೆ."

"ಪೆರ್ಕೆಲೆ" ಎಂದಳು ಆರ್ವಿಲ್ಲ. ಈ ಸಲ ಅರ್ಥ ಗೊತ್ತಿದ್ದೇ ಹೇಳಿದಳು. ಮುಖ ಕೆಂಪಾಯಿತು. ಡಬ್ಬಿಯನ್ನು ತಲೆಗೆ ಎಸೆಯುತ್ತಾಳೆ, ಎಸೆದರೂ ಸರಿಯೇ ಎಂದು ಲೆಂಪಿ ಅಲ್ಲಾಡದೆ ನಿಂತಳು. ಆರ್ವಿಲ್ಲ ಎಸೆಯಲಿಲ್ಲ. ರೈಲಿನ ಮೆಟ್ಟಿಲು ಹತ್ತಿ ಒಳಗೆ ಹೊರಟಳು, ಬಾಗಿಲಲ್ಲೇ ನಿಂತಳು, ತಿರುಗಿದಳು.

"ಹಂಗಾದ್ರೆ ನಿನ್ನೆ ರಾತ್ರಿಯದ್ದು?"

"ಅದು ನಂದಲ್ಲ" ಎಂದಳು ಲೆಂಪಿ. "ಅದಕ್ಕೆ ನಾನು ಏನೂ ಹಾಕಿಲ್ಲ."

ಆರ್ವಿಲ್ಲ ಅವಳನ್ನೇ ನೋಡಿದಳು. "ನೀನು ಮಲಗಿದ್ಯಾ?"

ಮಲಗಿದ್ರೂ ಮಲಗಿದ್ದೆ, ಮುದುಕರ ನಿದ್ದೆ ಯಾರಿಗೆ ಗೊತ್ತು ಎಂಬ ಮಾತು ಸಿದ್ಧವಾಗಿ ಬಾಯಿಗೆ ಬಂದಿತ್ತು. ಲೆಂಪಿ ಅದನ್ನು ನುಂಗಿಕೊಂಡಳು.

"ಇಲ್ಲ" ಎಂದಳು.

ಡೆಲ್ಬರ್ಟ್ ಪೆಟ್ಟಿಗೆಗಳೊಂದಿಗೆ ಹೆಂಡತಿಯ ಪಕ್ಕದಿಂದ ಒಳಗೆ ನುಸುಳಿದ, ಕಂಡಕ್ಟರ್ ಬಾಗಿಲಿಗೆ ಕೈ ಹಾಕಿದ. ಆರ್ವಿಲ್ಲ ಡಬ್ಬಿಯ ಮುಚ್ಚಳ ತೆಗೆದು, ಒಂದು ಚೌಕ ಎತ್ತಿ, ಲೆಂಪಿಯ ಕಣ್ಣಿನಿಂದ ಕಣ್ಣು ತೆಗೆಯದೆ, ಅರ್ಧ ಕಚ್ಚಿ ಅಗಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಬಾಯಿ ತುಂಬಿತ್ತು. ಬಾಗಿಲು ಮುಚ್ಚಿತು. ಕಿಟಕಿಯಲ್ಲಿ ಡೆಲ್ಬರ್ಟ್ ಟೋಪಿ ಎತ್ತಿದ್ದು ಕಾಣಿಸಿತು, ಮರುಗಳಿಗೆಯಲ್ಲಿ ಅವನ ಹೆಂಡತಿ ಡಬ್ಬಿಯ ಮುಚ್ಚಳದಿಂದ ಅವನ ಭುಜಕ್ಕೆ ಬಾರಿಸಿದ್ದೂ ಕಾಣಿಸಿತು. ರೈಲು ಕುವೊಪಿಯೊ ಕಡೆಗೆ ಹೊರಟಿತು.

ಲೆಂಪಿ ಮನೆಗೆ ಬಂದು ಒಲೆ ಹಚ್ಚಿದಳು. ಕಾಫಿಪುಡಿಯ ಡಬ್ಬಿಗೆ ಕೈ ಹಾಕಿ, ಬೇಡವೆಂದು ಬಿಟ್ಟು, ಉಳಿದಿದ್ದ ಹುರಿದ ರೈಯನ್ನು ನೀಲಿ ಪಾತ್ರೆಗೆ ಸುರಿದು ಕುದಿಸಿದಳು. ಎರಡು ಕಪ್ಪಿಗೆ ಬಗ್ಗಿಸಿ, ಒಂದನ್ನು ಎದುರಿನ ಕುರ್ಚಿಯ ಮುಂದಿಟ್ಟು, ಇನ್ನೊಂದನ್ನು ಬಾಯಿಗಿಟ್ಟಳು. ಅದೇ ಸುಟ್ಟ ಬೂಟಿನ ನೀರು, ಒಂದು ಚೂರೂ ಬದಲಾಗಿರಲಿಲ್ಲ. ಮುಖ ಹುಳ್ಳಗೆ ಮಾಡಿಕೊಂಡು ಪೂರ್ತಿ ಕುಡಿದು, ಎದುರಿನ ಕಪ್ಪನ್ನೂ ತನ್ನ ಕಡೆ ಎಳೆದುಕೊಂಡಳು.